ಕಾರಿನ ಬಾಗಿಲಿನಿಂದ ಕೌಂಟರಿನವರೆಗೆ: ಸಣ್ಣ ವಿಮಾನ ನಿಲ್ದಾಣಗಳಲ್ಲಿ ವಿಕಲಚೇತನರ ಪಾರ್ಕಿಂಗ್ ಯಾರ ಹೊಣೆ?

ಕರ್ನಾಟಕದಲ್ಲಿ ವಿಮಾನಯಾನ ಈಗ ರಾಜಧಾನಿಗೆ ಸೀಮಿತವಾಗಿ ಉಳಿದಿಲ್ಲ. ಕಲಬುರಗಿಯ ನಿಲ್ದಾಣ 2019ರ ನವೆಂಬರ್‌ನಲ್ಲಿ, ಬೀದರಿನದು 2020ರ ಫೆಬ್ರುವರಿಯಲ್ಲಿ, ಶಿವಮೊಗ್ಗದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡವು. ಹುಬ್ಬಳ್ಳಿ ಮತ್ತು ಬೆಳಗಾವಿಯ ಹೊಸ ಟರ್ಮಿನಲ್ ಕಟ್ಟಡಗಳಿಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ವಿಜಯಪುರ ಮತ್ತು ಹಾಸನದಲ್ಲಿ ಹೊಸ ನಿಲ್ದಾಣಗಳ ಕಾಮಗಾರಿ ಕೈಗೆತ್ತಿಕೊಳ್ಳಲಾಗಿದೆ. ಬೆಂಗಳೂರು, ಹೈದರಾಬಾದಿನ ಆಸ್ಪತ್ರೆಗಳಿಗೆ ಹೋಗಬೇಕಾದ ಹಿರಿಯರಿಗೆ, ಇಡೀ ರಾತ್ರಿ ಬಸ್ಸಿನಲ್ಲಿ ಕೂರಲಾಗದ ಬೆನ್ನುಹುರಿಯ ಗಾಯಾಳುಗಳಿಗೆ, ರೈಲಿನ ಎತ್ತರದ ಮೆಟ್ಟಿಲು ಹತ್ತಲಾಗದವರಿಗೆ ಹತ್ತಿರದ ಊರಿನ ಈ ನಿಲ್ದಾಣಗಳು ಐಷಾರಾಮದ ಮಾತಲ್ಲ. ಅವು ಪ್ರಯಾಣವನ್ನು ಮೊದಲ ಬಾರಿಗೆ ಸಾಧ್ಯವಾಗಿಸಿದ ಸೌಲಭ್ಯ.

ಇಂಥ ಪ್ರಯಾಣಿಕರಿಗೆ ವಿಮಾನಯಾನದ ಅತಿ ಕಷ್ಟದ ಭಾಗ ಆಕಾಶದಲ್ಲಿ ಇರುವುದಿಲ್ಲ. ಕಾರಿನ ಬಾಗಿಲು ತೆರೆದ ಜಾಗದಿಂದ ಚೆಕ್-ಇನ್ ಕೌಂಟರ್‌ವರೆಗಿನ ನೂರಿನ್ನೂರು ಹೆಜ್ಜೆಗಳೇ ಅವರಿಗೆ ನಿಜವಾದ ಪರೀಕ್ಷೆ. ಕೌಂಟರ್ ತಲುಪಿದ ಮೇಲೆ ವಿಮಾನ ಸಂಸ್ಥೆಯ ಸಿಬ್ಬಂದಿ ಇರುತ್ತಾರೆ, ಗಾಲಿಕುರ್ಚಿ ಇರುತ್ತದೆ, ನಿಯಮಗಳಿರುತ್ತವೆ. ಅದಕ್ಕೆ ಮೊದಲಿನ ದಾರಿಯ ಹೊಣೆ ಯಾರದೆಂಬುದು ನಮ್ಮ ವ್ಯವಸ್ಥೆಯಲ್ಲಿ ಸ್ಪಷ್ಟವಾಗಿಲ್ಲ. ಸಣ್ಣ ನಿಲ್ದಾಣಗಳಲ್ಲಿ ವಿಕಲಚೇತನರ ಪಾರ್ಕಿಂಗ್ ಸಮಸ್ಯೆಯ ಬೇರು ಮೀಸಲು ಜಾಗಕ್ಕೆ ಬಳಿಯುವ ನೀಲಿ ಬಣ್ಣದ ಕೊರತೆಯಲ್ಲಿಲ್ಲ, ಈ ಅಸ್ಪಷ್ಟತೆಯಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲು ಕಾನೂನನ್ನು ನೋಡೋಣ. ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ ಮತ್ತು ವಿಮಾನ ನಿಲ್ದಾಣಗಳಲ್ಲಿ ಒದಗಿಸಬೇಕಾದ ಸೌಲಭ್ಯಗಳನ್ನು ಹೆಸರಿಸುವಾಗ ಪಾರ್ಕಿಂಗ್ ಜಾಗವನ್ನೇ ಮೊದಲು ಹೇಳುತ್ತದೆ. ಶೌಚಾಲಯ, ಟಿಕೆಟ್ ಕೌಂಟರ್‌ಗಳು ಅದರ ನಂತರ ಬರುತ್ತವೆ. 44ನೇ ಕಲಮಿನ ಪ್ರಕಾರ ಸುಗಮ್ಯತೆಯ (ಅಂದರೆ ವಿಕಲಚೇತನರೂ ಅಡಚಣೆಯಿಲ್ಲದೆ ಬಳಸುವಂತಿರುವ) ನಿಯಮಗಳನ್ನು ಪಾಲಿಸದ ನಕ್ಷೆಗೆ ಕಟ್ಟಡದ ಅನುಮತಿ ಕೊಡುವಂತಿಲ್ಲ, ಕಾಮಗಾರಿ ಮುಗಿದ ಪ್ರಮಾಣಪತ್ರವನ್ನೂ ನೀಡುವಂತಿಲ್ಲ. ಅದಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ 5 ವರ್ಷಗಳೊಳಗೆ ಸರಿಪಡಿಸಬೇಕೆಂದು 45ನೇ ಕಲಮು ಹೇಳುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಆ ಗಡುವು 2022ರಲ್ಲೇ ಮುಗಿದಿದೆ. ಕಾಯ್ದೆಯನ್ನು ಉಲ್ಲಂಘಿಸಿದರೆ ಮೊದಲ ಬಾರಿಗೆ 10,000 ರೂಪಾಯಿಯವರೆಗೆ, ಮತ್ತೆ ಉಲ್ಲಂಘಿಸಿದರೆ 50,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ಕಾಯ್ದೆ ಇಷ್ಟು ಗಟ್ಟಿಯಾಗಿದ್ದರೂ ಅದರ ಅಡಿಯ ನಿಯಮ ಸಡಿಲವಾಗಿತ್ತು. 2017ರ ನಿಯಮಾವಳಿಯ 15ನೇ ನಿಯಮ ಬೇರೆ ಬೇರೆ ಸಚಿವಾಲಯಗಳು ಹೊರಡಿಸಿದ ಮಾರ್ಗಸೂಚಿಗಳನ್ನು ಪಟ್ಟಿ ಮಾಡಿ, ಅವುಗಳಂತೆ ನಡೆದುಕೊಳ್ಳಿ ಎಂದಿತ್ತು. ಆದರೆ ಆ ಮಾರ್ಗಸೂಚಿಗಳ ಭಾಷೆ ಬಹುಮಟ್ಟಿಗೆ ಸಲಹೆಯ ಭಾಷೆ. ಮಾಡಿದರೆ ಒಳ್ಳೆಯದು ಎನ್ನುವ ಧಾಟಿಯದು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಕಡ್ಡಾಯವಾಗಿರಬೇಕಾದ ಮಾನದಂಡವನ್ನು ಸಲಹೆಯ ಮಟ್ಟಕ್ಕೆ ಇಳಿಸಿದ ಈ ನಿಯಮ ಮೂಲ ಕಾಯ್ದೆಗೇ ವಿರುದ್ಧವಾದುದು ಎಂದು ಹೇಳಿತು. ರಾಜಿಗೆ ಅವಕಾಶವಿಲ್ಲದ ಕನಿಷ್ಠ ನಿಯಮಗಳನ್ನು ಬೇರೆಯಾಗಿ ಗುರುತಿಸಿ 3 ತಿಂಗಳೊಳಗೆ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಸಣ್ಣ ವಿಮಾನ ನಿಲ್ದಾಣದ ಪಾರ್ಕಿಂಗ್‌ಗೆ ಈ ತೀರ್ಪಿನ ಮಹತ್ವ ದೊಡ್ಡದು. ಬೆಂಗಳೂರು, ದೆಹಲಿಯ ನಿಲ್ದಾಣಗಳಲ್ಲಿ ಅಂತರರಾಷ್ಟ್ರೀಯ ಪ್ರಯಾಣಿಕರ ಕಣ್ಣೂ ಮಾಧ್ಯಮಗಳ ಕಣ್ಣೂ ಇರುವುದರಿಂದ ಸಲಹೆಯೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ದಿನಕ್ಕೆ ಬೆರಳೆಣಿಕೆಯ ವಿಮಾನಗಳಿರುವ ಕಡೆ ಕೇಳುವವರು ಇರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಕಡ್ಡಾಯ ನಿಯಮವೊಂದೇ.

ಇನ್ನು ಅಳತೆಗಳು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮತ್ತು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಮಾರ್ಗಸೂಚಿಗಳ ಪ್ರಕಾರ ವಿಕಲಚೇತನರ ಒಂದು ಕಾರಿನ ಜಾಗ ಕನಿಷ್ಠ 3.6 ಮೀಟರ್ ಅಗಲ ಇರಬೇಕು ಮತ್ತು ಕಟ್ಟಡದ ಪ್ರವೇಶದಿಂದ 30 ಮೀಟರ್ ಒಳಗಿರಬೇಕು. ಸಾಮಾನ್ಯ ಜಾಗದ ಅಗಲ ಸುಮಾರು 2.4 ಅಥವಾ 2.5 ಮೀಟರ್. ಉಳಿದ 1.2 ಮೀಟರ್ ಏಕೆ ಬೇಕು ಎಂಬುದನ್ನು ಪಾರ್ಕಿಂಗ್ ಸಿಬ್ಬಂದಿಗೆ ಯಾರೂ ವಿವರಿಸಿ ಹೇಳದಿರುವುದೇ ಅನೇಕ ತೊಂದರೆಗಳ ಮೂಲ. ಗಾಲಿಕುರ್ಚಿಯಿಂದ ಕಾರಿಗೆ, ಕಾರಿನಿಂದ ಗಾಲಿಕುರ್ಚಿಗೆ ಸರಿಯುವವರು ಬಾಗಿಲನ್ನು ಪೂರ್ತಿ ತೆರೆಯಬೇಕು. ಕುರ್ಚಿಯನ್ನು ಸೀಟಿನ ಪಕ್ಕಕ್ಕೆ ತಂದು ಅದರ ಚಕ್ರಗಳಿಗೆ ಬ್ರೇಕ್ ಹಾಕಬೇಕು. ನೆರವಿಗೆ ಬಂದವರು ನಿಲ್ಲಲು ಇನ್ನಷ್ಟು ಸ್ಥಳ ಬೇಕು. ಪಕ್ಕದಲ್ಲಿ ಇನ್ನೊಂದು ಕಾರು ಎಂದಿನಂತೆ ಒತ್ತಿಕೊಂಡು ನಿಂತಿದ್ದರೆ ಇದು ಯಾವುದೂ ಆಗದು. ವಾಪಸು ಬಂದಾಗ ಬಾಗಿಲ ಪಕ್ಕದ ಆ ಖಾಲಿ ಪಟ್ಟಿಯಲ್ಲಿ ಯಾರೋ ಬೈಕ್ ನಿಲ್ಲಿಸಿ ಹೋಗಿದ್ದರೆ, ಸ್ವತಃ ಕಾರು ಓಡಿಸುವ ವಿಕಲಚೇತನ ಚಾಲಕ ತನ್ನ ಕಾರಿನೊಳಗೆ ಹೋಗಲಾರದೆ ಹೊರಗೇ ಉಳಿಯಬೇಕಾಗುತ್ತದೆ. ಹೀಗಾಗಿ ಪಟ್ಟೆ ಎಳೆದ ಖಾಲಿ ಭಾಗವೂ ಪಾರ್ಕಿಂಗ್ ಜಾಗದ ಅಂಗವೇ ಹೊರತು ಮಿಕ್ಕುಳಿದ ಸ್ಥಳವಲ್ಲ.

ಜಾಗ ಸರಿಯಿದ್ದ ಮಾತ್ರಕ್ಕೆ ದಾರಿ ಸರಿಯಾಗಿದೆ ಎಂದಲ್ಲ. ಪಾರ್ಕಿಂಗ್ ಅಂಗಳಕ್ಕೂ ಟರ್ಮಿನಲ್ ಮುಂದಿನ ಕಾಲುದಾರಿಗೂ ನಡುವೆ ಸಾಮಾನ್ಯವಾಗಿ 15 ಸೆಂಟಿಮೀಟರ್ ಎತ್ತರದ ಕರ್ಬ್ ಕಲ್ಲು ಇರುತ್ತದೆ. 1ಕ್ಕೆ 12ರ, ಅಂದರೆ ಎತ್ತರದ 12 ಪಟ್ಟು ಉದ್ದದ ಇಳಿಜಾರಿನ ಲೆಕ್ಕದಲ್ಲಿ ಅದನ್ನು ದಾಟಲು 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಲಗೇಜ್ ಟ್ರಾಲಿಗಾಗಿ ಸಿಮೆಂಟ್ ಮೆತ್ತಿ ಮಾಡಿದ ಅರ್ಧ ಮೀಟರಿನ ಕಡಿದಾದ ಇಳಿಜಾರು ಗಾಲಿಕುರ್ಚಿಗೆ ಉಪಯೋಗವಿಲ್ಲ, ಅಪಾಯವೂ ಹೌದು. ಮಲೆನಾಡು ಮತ್ತು ಕರಾವಳಿಯಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಚೀಲ ಹಿಡಿದವರು ಕೊಡೆ ಹಿಡಿಯಲಾರರು. ತಮ್ಮ ಕೈಗಳಿಂದಲೇ ಚಕ್ರ ತಳ್ಳುವವರಿಗೂ ಅದು ಆಗದು. ಸೋಗಾನೆಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಕಿಂಗ್ ಜಾಗದಿಂದ ಬಾಗಿಲವರೆಗಿನ ಚಾವಣಿ ಅಲಂಕಾರವಾಗುವುದಿಲ್ಲ, ಅಗತ್ಯವಾಗುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿಗೂ ಇದೇ ಮಾತು ಅನ್ವಯಿಸುತ್ತದೆ.

ಭದ್ರತೆಯ ಪ್ರಶ್ನೆಯನ್ನೂ ಇಲ್ಲಿ ಎದುರಿಸಲೇಬೇಕು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಟರ್ಮಿನಲ್‌ಗೆ ಗ್ಯಾಸ್ ಸಿಲಿಂಡರ್ ತುಂಬಿದ ವಾಹನವನ್ನು ನುಗ್ಗಿಸಿದ ಘಟನೆಯ ನಂತರ, ವಾಹನಗಳನ್ನು ಕಟ್ಟಡದಿಂದ ದೂರ ಇರಿಸುವ ಒತ್ತಾಯ ಹೆಚ್ಚಿತು. ಸುರಕ್ಷತೆ ದೂರವನ್ನು ಬಯಸುತ್ತದೆ, ಸುಗಮ್ಯತೆ ಹತ್ತಿರವನ್ನು ಬಯಸುತ್ತದೆ. ಇವೆರಡೂ ಒಟ್ಟಿಗೆ ಆಗದು ಎಂಬ ಉತ್ತರವನ್ನು ಅಧಿಕಾರಿಗಳು ಸುಲಭವಾಗಿ ಕೊಡುತ್ತಾರೆ. ಈ ವಿರೋಧ ತೋರುವಷ್ಟು ದೊಡ್ಡದಲ್ಲ. ಅಪಾಯಕಾರಿಯಾದದ್ದು ಕಟ್ಟಡದತ್ತ ವೇಗವಾಗಿ ನುಗ್ಗಬಲ್ಲ, ತಪಾಸಣೆಯಾಗದ ವಾಹನ. ಗಟ್ಟಿ ಕಂಬಗಳನ್ನು 1.2 ಮೀಟರ್ ಅಂತರದಲ್ಲಿ ನೆಟ್ಟರೆ ಕಾರು ಒಳಗೆ ನುಗ್ಗಲಾರದು, ಗಾಲಿಕುರ್ಚಿ ಸಲೀಸಾಗಿ ದಾಟುತ್ತದೆ. ಮೀಸಲು ಜಾಗಗಳನ್ನು ಮುಖ್ಯ ಬಾಗಿಲಿಗೆ ಎದುರಾಗಿ ಇಡದೆ ಕಟ್ಟಡದ ಪಕ್ಕದ ಗೋಡೆಯತ್ತ ಇಟ್ಟು, ಅಲ್ಲಿಂದ ಸಮತಟ್ಟಾದ ದಾರಿ ಕೊಟ್ಟರೂ ಎರಡೂ ಉದ್ದೇಶ ಈಡೇರುತ್ತವೆ. ಇವು ವಿನ್ಯಾಸದ ಹಂತದಲ್ಲಿ ಯೋಚಿಸಬೇಕಾದ ಸಂಗತಿಗಳು. ನಿಲ್ದಾಣ ಶುರುವಾದ ಮೇಲೆ ಬ್ಯಾರಿಕೇಡ್‌ಗಳನ್ನು ಅಡ್ಡ ಇಟ್ಟರೆ ಮೊದಲು ಮುಚ್ಚಿಹೋಗುವುದು ರ‍್ಯಾಂಪಿನ ಬಾಯಿಯೇ.

ಇಷ್ಟೆಲ್ಲ ಸರಿಪಡಿಸಿದರೂ ಹೊಣೆಯ ಪ್ರಶ್ನೆ ಉಳಿಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದುದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳ ಪ್ರಕಾರ, ನೆರವು ಬೇಕಾದ ಪ್ರಯಾಣಿಕರು 48 ಗಂಟೆ ಮೊದಲು ತಿಳಿಸಿದರೆ ವಿಮಾನ ಸಂಸ್ಥೆ ಅದನ್ನು ಉಚಿತವಾಗಿ ಒದಗಿಸಬೇಕು. 2012ರಲ್ಲಿ ವಿಕಲಚೇತನರಾದ ಜೀಜಾ ಘೋಷ್ ಅವರನ್ನು ಕೋಲ್ಕತ್ತದಲ್ಲಿ ವಿಮಾನದಿಂದ ಇಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2024ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಗಾಲಿಕುರ್ಚಿ ಸಿಗದೆ ನಡೆದುಹೋಗುತ್ತಿದ್ದ ವೃದ್ಧರೊಬ್ಬರು ಕುಸಿದು ಮೃತಪಟ್ಟಾಗ ಮಹಾನಿರ್ದೇಶನಾಲಯ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಅಂದರೆ ವಿಮಾನದ ಬದಿಯಲ್ಲಿ ಲೋಪವಾದರೆ ಉತ್ತರ ಕೊಡಬೇಕಾದವರು ಇದ್ದಾರೆ, ದಂಡವೂ ಇದೆ. ಇಷ್ಟೇ ದೂರದ ನಡಿಗೆ ಪಾರ್ಕಿಂಗ್ ಅಂಗಳದಲ್ಲಿ ಎದುರಾದರೆ ವಿಮಾನ ಸಂಸ್ಥೆ ನಮ್ಮ ಕೆಲಸ ಒಳಗೆ ಎನ್ನುತ್ತದೆ, ನಿಲ್ದಾಣದ ಕಚೇರಿ ಗುತ್ತಿಗೆದಾರನತ್ತ ಕೈ ತೋರಿಸುತ್ತದೆ, ಗುತ್ತಿಗೆದಾರ ತನ್ನ ಒಪ್ಪಂದದಲ್ಲಿ ಇದು ಇಲ್ಲ ಎನ್ನುತ್ತಾನೆ.

ಗುತ್ತಿಗೆದಾರ ಸುಳ್ಳು ಹೇಳುತ್ತಿರುವುದಿಲ್ಲ. ನಮ್ಮ ನಿಲ್ದಾಣಗಳಲ್ಲಿ ಪಾರ್ಕಿಂಗ್ ನಿರ್ವಹಣೆಯನ್ನು ಟೆಂಡರ್ ಕರೆದು, ಹೆಚ್ಚು ಹಣ ಕೊಡಲು ಒಪ್ಪಿದವರಿಗೆ ವಹಿಸುವುದು ವಾಡಿಕೆ. ಅವರ ಆದಾಯ ನಿಂತಿರುವುದು ಎಷ್ಟು ಗಾಡಿ, ಎಷ್ಟು ಹೊತ್ತು ಎಂಬುದರ ಮೇಲೆ. 3.6 ಮೀಟರ್ ಅಗಲದ ಜಾಗ ಅವರ ಪಾಲಿಗೆ ಅರ್ಧ ಗಾಡಿಯ ನಷ್ಟ; ಅದು ಖಾಲಿ ಉಳಿದ ಪ್ರತಿ ಗಂಟೆಯೂ ನಷ್ಟವೇ. ಟರ್ಮಿನಲ್ ಮುಂದೆ ಇಳಿಸಿ ಹೋಗಲು ಕೊಡುವ ಕೆಲವೇ ನಿಮಿಷಗಳ ಉಚಿತ ಅವಧಿ ಮುಗಿದ ಕೂಡಲೇ ಶುಲ್ಕ ಅಥವಾ ದಂಡ ಶುರುವಾಗುತ್ತದೆ. ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸಿ, ಬಿಡಿಸಿ, ವ್ಯಕ್ತಿಯನ್ನು ಕೂರಿಸಿ, ಚೀಲಗಳನ್ನು ಜೋಡಿಸುವಷ್ಟರಲ್ಲಿ ಆ ನಿಮಿಷಗಳು ಮುಗಿದಿರುತ್ತವೆ. ಎಲ್ಲರಿಗೂ ಒಂದೇ ಗಡಿಯಾರ ಎಂಬುದು ಮೇಲ್ನೋಟಕ್ಕೆ ಸಮಾನತೆಯಂತೆ ಕಂಡರೂ, ನಿಧಾನವಾಗಿ ಚಲಿಸಬೇಕಾದ ದೇಹಕ್ಕೆ ಅದು ವಿಧಿಸುವ ದಂಡವೇ ಆಗುತ್ತದೆ. ಇದು ಅನ್ಯಾಯ ಎಂದು ಸ್ಪಷ್ಟವಾಗಿ ಹೇಳಬೇಕು.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ನಮ್ಮಲ್ಲಿ ಟಿಕೆಟ್ ಇಲ್ಲದವರನ್ನು ಸಾಮಾನ್ಯವಾಗಿ ಟರ್ಮಿನಲ್ ಒಳಗೆ ಬಿಡುವುದಿಲ್ಲ. ತಂದೆಯನ್ನು ಕರೆತಂದ ಮಗ ಬಾಗಿಲಲ್ಲೇ ಅವರನ್ನು ಬೇರೊಬ್ಬರಿಗೆ ಒಪ್ಪಿಸಬೇಕು. ಒಪ್ಪಿಸಿಕೊಳ್ಳುವವರು ಯಾರು? ಸಣ್ಣ ನಿಲ್ದಾಣದಲ್ಲಿ ಚೆಕ್-ಇನ್ ಮಾಡುವ, ಲಗೇಜ್ ನೋಡಿಕೊಳ್ಳುವ, ಬೋರ್ಡಿಂಗ್ ಗೇಟಿನಲ್ಲಿ ನಿಲ್ಲುವ ಸಿಬ್ಬಂದಿ ಹೆಚ್ಚುಕಡಿಮೆ ಅದೇ ನಾಲ್ಕಾರು ಮಂದಿ. ಅವರು ಹೊರಗೆ ಬರುವಷ್ಟರಲ್ಲಿ ಇತ್ತ ಪಾರ್ಕಿಂಗ್ ಸಿಬ್ಬಂದಿ ಗಾಡಿ ತೆಗೆಯಿರಿ ಎಂದು ಒತ್ತಾಯಿಸುತ್ತಿರುತ್ತಾರೆ. ಗಾಡಿ ಬಿಡುವಂತಿಲ್ಲ, ತಂದೆಯನ್ನು ಒಬ್ಬರನ್ನೇ ಬಿಡುವಂತೆಯೂ ಇಲ್ಲ ಎಂಬ ಈ ಇಕ್ಕಟ್ಟು ಕುಟುಂಬಗಳನ್ನು ಎಷ್ಟು ದಣಿಸುತ್ತದೆ ಎಂಬುದು ಅದನ್ನು ಅನುಭವಿಸಿದವರಿಗೆ ಗೊತ್ತು.

ಯುರೋಪಿನ ಒಕ್ಕೂಟ ಈ ಗಂಟನ್ನು ಬಿಡಿಸಿದ ರೀತಿ ಗಮನಾರ್ಹ. ಅಲ್ಲಿನ 2006ರ ನಿಯಮ, 2008ರ ಜುಲೈಯಿಂದ ಪೂರ್ಣವಾಗಿ ಜಾರಿಗೆ ಬಂದಿದ್ದು, ನೆರವಿನ ಹೊಣೆಯನ್ನು ವಿಮಾನ ಸಂಸ್ಥೆಗಳಿಂದ ತೆಗೆದು ನಿಲ್ದಾಣದ ಆಡಳಿತಕ್ಕೆ ಕೊಟ್ಟಿದೆ. ನಿಲ್ದಾಣವು ಟರ್ಮಿನಲ್ ಒಳಗೂ ಹೊರಗೂ ನಿರ್ದಿಷ್ಟ ಸ್ಥಳಗಳನ್ನು ಗುರುತಿಸಬೇಕು. ಪ್ರಯಾಣಿಕರು ಅಲ್ಲಿಗೆ ಬಂದು ತಾವು ಬಂದಿರುವುದಾಗಿ ತಿಳಿಸಿ ನೆರವು ಕೇಳಬಹುದು. ಅಂಥ ಸ್ಥಳಗಳ ಪಟ್ಟಿಯಲ್ಲಿ ಬಸ್ ತಂಗುದಾಣ, ಟ್ಯಾಕ್ಸಿ ನಿಲ್ದಾಣಗಳ ಜತೆ ವಿಮಾನ ನಿಲ್ದಾಣದ ಕಾರ್ ಪಾರ್ಕ್ ಕೂಡ ಇದೆ. ಪ್ರಯಾಣಿಕರಿಂದ ಪ್ರತ್ಯೇಕ ಶುಲ್ಕ ಪಡೆಯುವಂತಿಲ್ಲ. ನಿಲ್ದಾಣವನ್ನು ಬಳಸುವ ಎಲ್ಲ ವಿಮಾನ ಸಂಸ್ಥೆಗಳಿಂದ ಅವುಗಳ ಪ್ರಯಾಣಿಕರ ಸಂಖ್ಯೆಗೆ ತಕ್ಕಂತೆ ಖರ್ಚನ್ನು ಪಡೆಯಬಹುದು. ವರ್ಷಕ್ಕೆ 1,50,000ಕ್ಕಿಂತ ಕಡಿಮೆ ಪ್ರಯಾಣಿಕರಿರುವ ನಿಲ್ದಾಣಗಳಿಗೆ ಸೇವೆಯ ಗುಣಮಟ್ಟದ ಮಾನದಂಡಗಳನ್ನು ಪ್ರಕಟಿಸುವುದರಿಂದ ವಿನಾಯಿತಿ ಇದೆ. ಆದರೆ ನೆರವು ನೀಡುವ ಮೂಲ ಕರ್ತವ್ಯದಿಂದ ವಿನಾಯಿತಿ ಇಲ್ಲ. ಸಣ್ಣ ನಿಲ್ದಾಣದ ಮೇಲೆ ಕಾಗದದ ಹೊರೆ ಕಡಿಮೆ ಮಾಡಿ, ಕೆಲಸದ ಹೊಣೆಯನ್ನು ಉಳಿಸಿಕೊಂಡ ಈ ವಿವೇಕ ನಮಗೂ ಬೇಕು.

ಆದರೆ ಹೊರಗಿನ ಮಾದರಿಯನ್ನು ಹಾಗೆಯೇ ತಂದರೆ ನಮ್ಮ ನೆಲದ ಕೆಲವು ವಾಸ್ತವಗಳು ತಪ್ಪಿಹೋಗುತ್ತವೆ. ಪಾಶ್ಚಾತ್ಯ ಮಾನದಂಡಗಳು ಬಹುಮಟ್ಟಿಗೆ ಕಾರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕರ್ನಾಟಕದಲ್ಲಿ ಪೋಲಿಯೊ ಅಥವಾ ಅಪಘಾತದಿಂದ ಕಾಲಿನ ಶಕ್ತಿ ಕಳೆದುಕೊಂಡ ಅಸಂಖ್ಯ ಜನರು ಹಿಂಬದಿಗೆ ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್ ಓಡಿಸುತ್ತಾರೆ. ರಾಜ್ಯ ಸರ್ಕಾರವೇ ಇಂಥ ಯಂತ್ರಚಾಲಿತ ವಾಹನಗಳನ್ನು ವಿತರಿಸುತ್ತದೆ. ಈ ಗಾಡಿ ಬೈಕುಗಳ ಸಾಲಿನಲ್ಲಿ ಹಿಡಿಸದು, ಕಾರಿನ ಜಾಗಕ್ಕೆ ತಂದರೆ ಕಾವಲುಗಾರರು ಬಿಡರು. ದ್ವಿಚಕ್ರ ವಾಹನಗಳ ನಿಲುಗಡೆ ಸಾಮಾನ್ಯವಾಗಿ ಅಂಗಳದ ಕೊನೆಯಲ್ಲಿ ಇರುವುದರಿಂದ, ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಎಲ್ಲರಿಗಿಂತ ಹೆಚ್ಚು ನಡೆಯಬೇಕಾದ ಸ್ಥಿತಿ ಬರುತ್ತದೆ. ಆಟೊಗಳನ್ನು ಹಲವೆಡೆ ಹೊರಗೇಟಿನಲ್ಲೇ ತಡೆಯುತ್ತಾರೆ. ಆಟೊದಲ್ಲಿ ಬರುವವರಲ್ಲಿ ಊರುಗೋಲಿನವರೂ ಇರುತ್ತಾರೆ ಎಂಬುದನ್ನು ಆ ನಿಯಮ ಮಾಡಿದವರು ಯೋಚಿಸಿದಂತಿಲ್ಲ. ಮೀಸಲು ಜಾಗ ಎಂದರೆ ಕಾರು, ಚಕ್ರ ಜೋಡಿಸಿದ ಸ್ಕೂಟರ್, ವಿಕಲಚೇತನರನ್ನು ಇಳಿಸಲು ಬಂದ ಆಟೊ, ಈ ಮೂರಕ್ಕೂ ಸಲ್ಲಬೇಕು.

ಯಾರಿಗೆ ಮೀಸಲು ಎಂಬ ಪ್ರಶ್ನೆಯೂ ಸರಳವಲ್ಲ. ಬ್ರಿಟನ್ನಿನಲ್ಲಿ ಬ್ಲೂ ಬ್ಯಾಡ್ಜ್ ಎಂಬ ಪರವಾನಗಿ ಇದೆ. ಕಾರಿನ ಗಾಜಿನ ಹಿಂದೆ ಅದನ್ನು ಇಟ್ಟರೆ ಯಾರೂ ಪ್ರಶ್ನಿಸರು. ಇಂಗ್ಲೆಂಡಿನಲ್ಲಿ 2019ರಿಂದ ಕಣ್ಣಿಗೆ ಕಾಣದ ವೈಕಲ್ಯಗಳಿಗೂ ಅದು ದೊರೆಯುತ್ತಿದೆ. ಭಾರತದಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ಅಂಥ ಪಾರ್ಕಿಂಗ್ ಪರವಾನಗಿ ಇಲ್ಲ. ವಿಕಲಚೇತನರಿಗೆ ಕೊಡುವ ಯುಡಿಐಡಿ ಗುರುತಿನ ಚೀಟಿಯನ್ನು ಅದಕ್ಕೆ ಆಧಾರ ಮಾಡಿಕೊಳ್ಳಬಹುದು. ಆದರೆ ಅದೊಂದನ್ನೇ ನೆಚ್ಚಿದರೆ ಮಂಡಿ ಸವೆದ ಎಪ್ಪತ್ತೈದರ ಅಜ್ಜಿ, ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಯುವಕ, ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರು ಹೊರಗುಳಿಯುತ್ತಾರೆ. ಇವರಾರ ಬಳಿಯೂ ಚೀಟಿ ಇರುವುದಿಲ್ಲ, ಇವರೆಲ್ಲರಿಗೂ ಹತ್ತಿರದ ಜಾಗ ಬೇಕು.

ಇದಕ್ಕೆ ಉತ್ತರ ವಿಮಾನ ಸಂಸ್ಥೆಗಳ ಬುಕಿಂಗ್‌ನಲ್ಲಿಯೇ ಇದೆ. ಗಾಲಿಕುರ್ಚಿ ಕೇಳಿದ ಪ್ರಯಾಣಿಕರನ್ನು ಅವರು ಮೂರು ಸಂಕೇತಗಳಲ್ಲಿ ದಾಖಲಿಸುತ್ತಾರೆ. ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲು ಹತ್ತಲಾರರು. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ನೆರವು ಬೇಕು. ಎರಡು ದಿನ ಮೊದಲೇ ವಿಮಾನ ಸಂಸ್ಥೆಗೆ ಗೊತ್ತಿರುವ ಈ ಮಾಹಿತಿ ಪಾರ್ಕಿಂಗ್ ಗೇಟಿಗೆ ತಲುಪುವುದಿಲ್ಲ. 78 ಆಸನಗಳ ಎಟಿಆರ್ ವಿಮಾನ ಬಂದು ಹೋಗುವ ನಿಲ್ದಾಣದಲ್ಲಿ ಅಂಥವರ ಪಟ್ಟಿ ಒಂದು ಪುಟವನ್ನೂ ತುಂಬದು. ಗಾಡಿ ನಂಬರನ್ನು ಪ್ರಯಾಣಿಕರಿಂದ ಪಡೆದು ಗೇಟಿಗೆ ಕಳಿಸಿದರೆ ಪುರಾವೆಯ ಜಗಳವೇ ಇರುವುದಿಲ್ಲ, ಜಾಗ ಎಷ್ಟು ಬೇಕೆಂಬುದೂ ಮೊದಲೇ ತಿಳಿಯುತ್ತದೆ. ಮೊದಲ ಗುಂಪಿನವರ ವಿಷಯದಲ್ಲಿ ಇನ್ನೊಂದು ಮಾತಿದೆ. ದೂರ ನಡೆಯಲಾರದವರಿಗೆ ಗಾಲಿಕುರ್ಚಿ ಬೇಕಾಗುವುದು ದೂರ ಇರುವುದರಿಂದ. ಟರ್ಮಿನಲ್ ಚಿಕ್ಕದಾಗಿರುವ ಕಡೆ, ಕಾರು ಬಾಗಿಲ ಹತ್ತಿರ ನಿಂತರೆ, ಅವರಲ್ಲಿ ಅನೇಕರು ಕೌಂಟರಿಗೆ ತಾವೇ ನಡೆದು ಹೋಗಬಲ್ಲರು. ಇರುವ ಕೆಲವೇ ಕುರ್ಚಿಗಳು ಆಗ ಅವುಗಳಿಲ್ಲದೆ ಆಗದವರಿಗೆ ಸಿಗುತ್ತವೆ.

ಎಷ್ಟು ಜಾಗ ಬೇಕು? ಅಮೆರಿಕದ ಮಾನದಂಡದಲ್ಲಿ 25 ಗಾಡಿಗಳವರೆಗೆ 1, 50ರವರೆಗೆ 2, 100ರವರೆಗೆ 4 ಎಂಬ ಲೆಕ್ಕವಿದೆ. ನಮ್ಮಲ್ಲಿ ಕನಿಷ್ಠ 2 ಎಂಬುದೇ ಬಹಳ ಕಡೆ ಗರಿಷ್ಠವೂ ಆಗಿದೆ. ಸಣ್ಣ ನಿಲ್ದಾಣದಲ್ಲಿ ದಿನದ ಸರಾಸರಿ ನೋಡಿದರೆ ಎರಡೇ ಸಾಕೆನಿಸುತ್ತದೆ. ಆದರೆ ಅಲ್ಲಿ ಒಂದೇ ವಿಮಾನ ಬಂದಿಳಿದು ಅರ್ಧ ಗಂಟೆಯಲ್ಲಿ ಮರಳಿ ಹೊರಡುತ್ತದೆ. ಬರುವವರನ್ನು ಕರೆದೊಯ್ಯುವ ಗಾಡಿಗಳೂ ಹೋಗುವವರನ್ನು ಬಿಡುವ ಗಾಡಿಗಳೂ ಒಂದೇ ಹೊತ್ತಿನಲ್ಲಿ ಸೇರುತ್ತವೆ. ಉಳಿದ ಹೊತ್ತೆಲ್ಲ ಅಂಗಳ ಖಾಲಿ. ಆ ಖಾಲಿ ಹೊತ್ತಿನಲ್ಲಿ ಬಂದು ನೋಡಿದ ಅಧಿಕಾರಿಗೆ ಮೀಸಲು ಜಾಗ ವ್ಯರ್ಥವೆಂದು ತೋರಬಹುದು. ಲೆಕ್ಕ ಹಾಕಬೇಕಾದದ್ದು ಆ ದಟ್ಟಣೆಯ ಅರ್ಧ ಗಂಟೆಯನ್ನು.

ಹಣದ ಅಡ್ಡಿಯನ್ನು ನಾನು ಒಪ್ಪುವುದಿಲ್ಲ. ಏರೋಬ್ರಿಜ್ (ಟರ್ಮಿನಲ್‌ನಿಂದ ನೇರವಾಗಿ ವಿಮಾನದ ಬಾಗಿಲಿಗೆ ಹೋಗುವ ಸೇತುವೆ) ಇಲ್ಲದ ನಿಲ್ದಾಣಗಳಿಗಾಗಿ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಯಾಣಿಕರನ್ನು ಕುರ್ಚಿ ಸಮೇತ ವಿಮಾನದ ಬಾಗಿಲಿಗೆ ಏರಿಸುವ ಆಂಬುಲಿಫ್ಟ್ ವಾಹನಗಳನ್ನು ಖರೀದಿಸಿದೆ. ಅದು ಮೆಚ್ಚಬೇಕಾದ ಕೆಲಸ. ಅದಕ್ಕೆ ಹೋಲಿಸಿದರೆ ಕರ್ಬ್ ತಗ್ಗಿಸುವುದು, ಗೆರೆ ಎಳೆಯುವುದು, ನೆರವಿಗೆ ಸಿಬ್ಬಂದಿಯನ್ನು ಕರೆಯಲು ಕರೆಗಂಟೆಯೊಂದನ್ನು ಅಳವಡಿಸುವುದು ಅತಿ ಅಗ್ಗದ ಕೆಲಸಗಳು. ಮುಂದಿನ ಪಾರ್ಕಿಂಗ್ ಟೆಂಡರಿನಲ್ಲಿ ಕೆಲವು ಷರತ್ತುಗಳನ್ನು ಸೇರಿಸಿದರೆ ಬಹುಪಾಲು ಸಮಸ್ಯೆ ತೀರುತ್ತದೆ. ಮೀಸಲು ಜಾಗಗಳನ್ನು ಆದಾಯದ ಲೆಕ್ಕದಿಂದಲೇ ಹೊರಗಿಡಬೇಕು. ಅಲ್ಲಿ ನಿಂತ ಗಾಡಿಗೆ ಉಚಿತ ಅವಧಿ ಹೆಚ್ಚಿರಬೇಕು. ಬೇರೆಯವರ ಗಾಡಿ, ಅದು ಅಧಿಕಾರಿಯದೇ ಆಗಿರಲಿ, ಅಲ್ಲಿ ಕಂಡರೆ ಗುತ್ತಿಗೆದಾರನಿಗೆ ದಂಡ ಬೀಳಬೇಕು. ಕರೆಗಂಟೆ ಒತ್ತಿದಾಗ ಬರಬೇಕಾದವರು ಯಾರೆಂಬುದು ಹುದ್ದೆಯ ಹೆಸರಿನೊಂದಿಗೆ ಬರಹದಲ್ಲಿರಬೇಕು.

ಈಗ ತೊಂದರೆ ಅನುಭವಿಸುತ್ತಿರುವವರು ದೂರು ಕೊಡುವ ದಾರಿಯನ್ನೂ ತಿಳಿದಿರುವುದು ಒಳ್ಳೆಯದು. ಹುಬ್ಬಳ್ಳಿ, ಬೆಳಗಾವಿಯಂತೆ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುವ ನಿಲ್ದಾಣಗಳು ಕೇಂದ್ರಕ್ಕೆ ಸೇರಿದವಾದ್ದರಿಂದ ಅವುಗಳ ಬಗೆಗಿನ ದೂರು ದೆಹಲಿಯ ವಿಕಲಚೇತನರ ಮುಖ್ಯ ಆಯುಕ್ತರಿಗೆ ಹೋಗಬೇಕು. ಶಿವಮೊಗ್ಗದ ನಿಲ್ದಾಣವನ್ನು ರಾಜ್ಯವೇ ನಡೆಸುತ್ತಿರುವುದರಿಂದ ಅಲ್ಲಿನ ದೂರನ್ನು ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೆ ಸಲ್ಲಿಸಬಹುದು. ಇಬ್ಬರಿಗೂ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ದೂರಿನಲ್ಲಿ ಮೀಸಲು ಜಾಗದ ಅಗಲ, ಬಾಗಿಲಿನಿಂದ ಅದಕ್ಕಿರುವ ದೂರ, ಕರ್ಬಿನ ಎತ್ತರ, ಪಾರ್ಕಿಂಗ್ ರಸೀದಿಯಲ್ಲಿರುವ ಸಮಯ ಮತ್ತು ದಿನಾಂಕ ಇರುವ ಚಿತ್ರಗಳು ಇದ್ದರೆ, ಕಾಯ್ದೆಯ 41 ಮತ್ತು 45ನೇ ಕಲಮುಗಳನ್ನು ಉಲ್ಲೇಖಿಸಿ ಕೇಳುವ ಪ್ರಶ್ನೆಗೆ ನಿಲ್ದಾಣದ ಆಡಳಿತ ಬರಹದಲ್ಲೇ ಉತ್ತರಿಸಬೇಕಾಗುತ್ತದೆ.